ದೊಡ್ಡ ಗುಂಡಿನ ಭಾವನವರಿಗೆ ಒಂದು ಬಹಿರಂಗ ಪತ್ರ

ಹ್ಯೂಸ್ಟನ್ನಿನಲ್ಲಿರುವ ಭಾವನವರಿಗೆ, ಮೂಡಿಗೆರೆ ಕಡೆಯಿಂದ ನಿಮ್ಮ ಭಾವಮೈದುನ ಮಾಡುವ ನಮಸ್ಕಾರಗಳು.

ಇದನ್ನು ಖಾಸಗಿಯಾಗಿಯೇ ಬರೆಯಬಹುದಿತ್ತು. ಆದರೆ ನೀವು ಪ್ರಶ್ನೆ ಕೇಳಿದ್ದೇ ಊರಿಗೆಲ್ಲ ಕೇಳುವ ಹಾಗೆ, ಮನೆಯವರ ವಾಟ್ಸಪ್ ಗ್ರೂಪಿನಲ್ಲಿ, ಚಿಕ್ಕಮ್ಮನ ಶುಭೋದಯದ ಗುಲಾಬಿಗೂ ಯಾರದೋ ಗೃಹಪ್ರವೇಶದ ಕರೆಯೋಲೆಗೂ ನಡುವೆ. ‘ರಿಟೈರ್ ಆದಮೇಲೆ ಆಫ್ರಿಕಾಕ್ಕೆ ಹೋಗಿ ಕೇಪ್ ಬಫೆಲೊ ಹೊಡೀಬೇಕು ಅಂತಿದೆ. ಯಾವುದಾದ್ರೂ ಹಳೇ ರೈಫಲ್ ತಗೊಂಡು ದೊಡ್ಡ ಬೋರಿಗೆ ಮಾಡಿಸೋಣ ಅಂತ. ಯಾವುದು ಒಳ್ಳೇದು? ಗೊತ್ತಿದ್ದೋರು ಹೇಳಿ.’ ಹೆಬ್ಬೆರಳುಗಳು ಸಾಲಾಗಿ ಎದ್ದವು. ಅಮ್ಮನಿಗೆ ಓದಿ ಹೇಳಿದರೆ, ‘ಆ ಎಮ್ಮೆ ಹಾಲು ಎಷ್ಟು ಕೊಡ್ತದಂತೆ?’ ಎಂದು ಕೇಳಿದರು.

ಗೊತ್ತಿದ್ದವರು ಎಂದರೆ ಈ ಕುಟುಂಬದಲ್ಲಿ ಸದ್ಯಕ್ಕೆ ನಾನೊಬ್ಬನೇ. ಹನ್ನೆರಡು ಬೋರಿನ ಜೋಡುನಳಿಗೆ ಕೋವಿಯೊಂದಕ್ಕೆ ನನ್ನ ಹೆಸರಿನಲ್ಲಿ ಲೈಸೆನ್ಸ್ ಇದೆ, ಬೆಳೆ ರಕ್ಷಣೆಗೆ. ಚುನಾವಣೆ ಘೋಷಣೆಯಾದಾಗಲೆಲ್ಲ ಅದು ಠಾಣೆಗೆ ಹೋಗುತ್ತದೆ. ಬರುವಾಗ ಕೊರಳಿಗೆ ದಾರದಲ್ಲಿ ಕಟ್ಟಿದ ರಟ್ಟಿನ ಚೀಟಿ, ನಳಿಗೆಯಲ್ಲಿ ಒಂದಿಷ್ಟು ತುಕ್ಕು. ಗ್ರಾಮ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ, ವಿಧಾನಸಭೆ, ಲೋಕಸಭೆ ಎಂದು ಪ್ರಜಾಪ್ರಭುತ್ವ ಇಷ್ಟೊಂದು ಗಟ್ಟಿಮುಟ್ಟಾಗಿರುವ ದೇಶದಲ್ಲಿ ಬೆಳೆ ಕಾಯುವುದು ಹಂದಿಗಳ ಒಳ್ಳೆಯತನಕ್ಕೇ ಬಿಟ್ಟ ವಿಷಯ. ಅದಿರಲಿ. ಕೋವಿಗಿಂತ ಹೆಚ್ಚಾಗಿ ಕೋವಿಯ ಪುಸ್ತಕಗಳ ಸಹವಾಸ ನನಗೆ ಇರುವುದರಿಂದ ಉತ್ತರ ಹೇಳುವ ಧೈರ್ಯ ಮಾಡಿದ್ದೇನೆ.

ಮೊದಲಿಗೇ ಹೇಳಿಬಿಡುತ್ತೇನೆ, ನಿಮ್ಮ ಯೋಜನೆಗೆ ನನ್ನ ಪೂರ್ಣ ಬೆಂಬಲವಿದೆ. ಅರವತ್ತು ಹತ್ತಿರ ಬಂದಾಗ ಗಂಡಸು ಏನನ್ನಾದರೂ ದೊಡ್ಡದು ಮಾಡಿಸಿಕೊಳ್ಳಲೇಬೇಕು. ಕೆಲವರು ಮನೆ ಮೇಲೆ ಮನೆ ಕಟ್ಟಿಸುತ್ತಾರೆ, ಕೆಲವರು ಗೋಡೆ ತುಂಬುವ ಟಿವಿ ತರುತ್ತಾರೆ. ನೀವು ರೈಫಲಿನ ತೂತು ದೊಡ್ಡದು ಮಾಡಿಸಲು ಹೊರಟಿದ್ದೀರಿ. ಇದರಲ್ಲಿ ತಪ್ಪೇನು ಬಂತು?

ಕಾರಣವೂ ನಿಮ್ಮ ಕೈಯಲ್ಲಿದೆ. ನಿಮ್ಮ .30-06 ರೆಮಿಂಗ್ಟನ್ 700ರಲ್ಲಿ ಚಳಿಗಾಲದಲ್ಲಿ ಜಿಂಕೆ ಹೊಡೆಯುತ್ತೀರಿ. ಆ ತೋಟಾ 1906ರಿಂದ ಅಮೆರಿಕದ ಹೆಚ್ಚುಕಡಿಮೆ ಎಲ್ಲ ಪ್ರಾಣಿಗೂ ಸಾಕಾಗಿದೆ. ಆಫ್ರಿಕಾದ ಹಲವು ದೇಶಗಳಲ್ಲಿ ಮಾತ್ರ ಎಮ್ಮೆಗೆ .375ಕ್ಕಿಂತ ಸಣ್ಣ ಬೋರ್ ಕೂಡದು ಎಂದು ಕಾನೂನೇ ಹೇಳುತ್ತದೆ. ಹಾಗಾಗಿ ನಿಮ್ಮದು ಖಯಾಲಿಯಲ್ಲ, ಕಾನೂನು ಪಾಲನೆ. ಅಕ್ಕ ಕೇಳಿದರೆ ಹೀಗೇ ಹೇಳಿ.

ಆ ಹೊತ್ತಿನಲ್ಲಿ ಕರಮೋಜೊ ಬೆಲ್ ಎಂಬ ಸ್ಕಾಟ್‌ಲೆಂಡಿನವನ ಹೆಸರು ಮಾತ್ರ ಎತ್ತಬೇಡಿ. ಕಳೆದ ಶತಮಾನದ ಆರಂಭದಲ್ಲಿ ಅವನು ಆಫ್ರಿಕಾದಲ್ಲಿ ಸಾವಿರಕ್ಕೂ ಮಿಕ್ಕಿ ಆನೆಗಳನ್ನು ಉರುಳಿಸಿದ. ಅವುಗಳಲ್ಲಿ ಹೆಚ್ಚಿನವು ಬಿದ್ದದ್ದು 7 ಮಿ.ಮೀ. ಗುಂಡಿಗೆ, ಅಂದರೆ ನಿಮ್ಮ ಜಿಂಕೆ ರೈಫಲಿನದಕ್ಕಿಂತಲೂ ಸಣ್ಣದಕ್ಕೆ. ಆನೆಯ ತಲೆಬುರುಡೆಯನ್ನು ಗರಗಸದಲ್ಲಿ ಸೀಳಿಸಿ ಮಿದುಳು ಎಲ್ಲಿ ಕೂತಿದೆ ಎಂದು ನೋಡಿ ಕಲಿತ ಆಸಾಮಿ ಅವನು. 1907ರಲ್ಲಿ ಚಂಪಾವತದ ನರಭಕ್ಷಕಿಯನ್ನು ಕೊಂದದ್ದಕ್ಕೆ ಜಿಮ್ ಕಾರ್ಬೆಟ್‌ಗೆ ಬಹುಮಾನವಾಗಿ ಬಂದ ರಿಗ್ಬಿ ರೈಫಲಿನ ಬೋರೂ ಅದೇ. ಇಂಥವರಿಂದಲೇ ವ್ಯಾಪಾರ ಹಾಳಾಗುವುದು. ಗುರಿ ಕಲಿತರೆ ಸಾಕು ಎಂದಾದರೆ ಗನ್‌ಸ್ಮಿತ್‌ಗಳ ಹೆಂಡತಿ ಮಕ್ಕಳು ಏನು ತಿನ್ನಬೇಕು?

ಈಗ ವಿಷಯಕ್ಕೆ ಬರುತ್ತೇನೆ. ದೊಡ್ಡ ಬೋರಿಗೆ ಮಾಡಿಸುವುದೆಂದರೆ ನಳಿಗೆ ಬದಲಾಯಿಸುವುದು ಎಂದು ನೀವು ತಿಳಿದಂತಿದೆ. ಇಡೀ ಕೆಲಸದಲ್ಲಿ ಅತ್ಯಂತ ಸುಲಭದ್ದೇ ನಳಿಗೆ. ತಕರಾರು ಇರುವುದು ತೋಟಾದ ಬುಡದಲ್ಲಿ. ನಿಮ್ಮ .30-06 ತೋಟಾದ ಬುಡ 12 ಮಿ.ಮೀ. ಅಗಲ; .375 ಹಾಲೆಂಡ್ ಅಂಡ್ ಹಾಲೆಂಡ್‌ನದು 13.5; .416 ರಿಗ್ಬಿಯದು 15. ತೋಟಾವನ್ನು ಒಳಕ್ಕೆ ತಳ್ಳುವ ಬೋಲ್ಟಿನ ಮುಖವನ್ನು ಆಯಾ ಬುಡಕ್ಕೆ ತಕ್ಕಷ್ಟೇ ಕೊರೆದಿರುತ್ತಾರೆ. ಅದನ್ನು ಅಗಲ ಮಾಡಿದರೆ ಖಾಲಿ ತೋಟಾವನ್ನು ಎಳೆದು ತೆಗೆಯುವ ಎಕ್ಸ್‌ಟ್ರಾಕ್ಟರ್ ಸರಿಹೊಂದುವುದಿಲ್ಲ. ಉದ್ದವೂ ಬೇರೆ: .30-06 ಗುಂಡು ಸೇರಿ 85 ಮಿ.ಮೀ., .375 ಆದರೆ 91, ರಿಗ್ಬಿ 95. ಅದು ಹಿಡಿಸುವಷ್ಟು ಮ್ಯಾಗಜಿನ್ ಉದ್ದವಿರಬೇಕು, ಬೋಲ್ಟ್ ಅಷ್ಟು ಹಿಂದಕ್ಕೆ ಸರಿಯಬೇಕು. ಹಳೇ ಹೆಂಚಿನ ಮನೆ ರಿಪೇರಿಗೆ ಕೈ ಹಾಕಿದವರಿಗೆ ಈ ಲೆಕ್ಕ ಗೊತ್ತು: ಸೋರುವ ಒಂದು ಹೆಂಚು ತೆಗೆಯಲು ಹತ್ತಿದರೆ ರೀಪು ಹೋಗಿರುತ್ತದೆ, ರೀಪು ಕಿತ್ತರೆ ಪಕಾಸಿ, ಪಕಾಸಿ ಮುಟ್ಟಿದರೆ ತೊಲೆ, ಕೊನೆಗೆ ಉಳಿಯುವುದು ಆ ಮೊದಲಿನ ಹೆಂಚು ಮಾತ್ರ.

ಇಷ್ಟಾದರೂ ಇವೆಲ್ಲ ಅಳತೆಗೆ ಸಿಗುವ ಕೆಲಸಗಳು. ಅಳತೆಗೆ ಸಿಗದ್ದು ಒಂದಿದೆ, ಅದಕ್ಕೆ ಗನ್‌ಸ್ಮಿತ್‌ಗಳು ರೈಲು ಎನ್ನುತ್ತಾರೆ. ಮ್ಯಾಗಜಿನ್ನಿನ ಬಾಯಿಯ ಎರಡೂ ಬದಿಗೆ ಒಳಕ್ಕೆ ಬಾಗಿದ ಉಕ್ಕಿನ ಅಂಚುಗಳವು. ಕೆಳಗಿನ ಸ್ಪ್ರಿಂಗ್ ತೋಟಾವನ್ನು ಮೇಲಕ್ಕೆ ದೂಡುತ್ತಿರುತ್ತದೆ, ಈ ಅಂಚುಗಳು ತಡೆದು ಹಿಡಿದಿರುತ್ತವೆ, ಬೋಲ್ಟ್ ಮುಂದೆ ಬಂದಾಗ ಸರಿಯಾದ ಗಳಿಗೆಗೆ ಬಿಟ್ಟುಕೊಡುತ್ತವೆ. ಕೊರಳು ಸಣ್ಣಗಾದ .30-06 ತೋಟಾಕ್ಕೆಂದು ಕಡೆದ ಅಂಚಿನೊಳಗೆ ನೆಟ್ಟಗೆ ಕೊಳವೆಯಂತಿರುವ .458 ಕೂರಿಸಿದರೆ ಅದು ಒಂದೋ ಅಲ್ಲೇ ಕಚ್ಚಿಕೊಳ್ಳುತ್ತದೆ, ಇಲ್ಲವೇ ಬೇಗ ಹಾರಿ ಬೋಲ್ಟಿನ ಮುಂದೆ ಅಡ್ಡ ಬೀಳುತ್ತದೆ. ಬಲ್ಲ ಗನ್‌ಸ್ಮಿತ್ ಅರದಿಂದ ಎರಡು ಉಜ್ಜು ಉಜ್ಜುತ್ತಾನೆ. ಮದ್ದಿಲ್ಲದ ಡಮ್ಮಿ ತೋಟಾ ಹಾಕಿ ಬೋಲ್ಟ್ ತಳ್ಳುತ್ತಾನೆ. ಹೊರಗೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದು, ಹಿತ್ತಾಳೆಯ ಮೇಲೆ ಗೀರು ಎಲ್ಲಿ ಬಿದ್ದಿದೆ ಎಂದು ನೋಡುತ್ತಾನೆ. ಮತ್ತೆ ಒಂದು ಉಜ್ಜು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, ಆಮೇಲೆ ರೈಫಲನ್ನು ಮಗ್ಗುಲಿಗೆ ಹಿಡಿದು, ತಲೆಕೆಳಗೆ ಹಿಡಿದು ತಳ್ಳುತ್ತಾನೆ. ಒಂದು ಉಜ್ಜು ಹೆಚ್ಚಾದರೆ ಕಥೆ ಮುಗಿಯಿತು, ಹೋದ ಉಕ್ಕು ತಿರುಗಿ ಬರುವುದಿಲ್ಲ. ಈ ಕೆಲಸದ ಬಿಲ್ ಕೈಗೆ ಬಂದಾಗ ನಿಮಗೆ ಸಿಟ್ಟು ಬರುತ್ತದೆ, ಯಾಕೆಂದರೆ ಕಣ್ಣಿಗೆ ಕಾಣುವಂಥದ್ದೇನೂ ಆಗಿರುವುದಿಲ್ಲ. ಮಾಡಿಸದೆ ಬಿಟ್ಟರೆ ಏನಾಗುತ್ತದೆ ಎಂಬುದು ಎಮ್ಮೆ ಇಪ್ಪತ್ತು ಗಜ ದೂರದಲ್ಲಿರುವಾಗ ಕಾಣುತ್ತದೆ.

ಇನ್ನು ಯಾವ ರೈಫಲ್ ಎಂಬ ನಿಮ್ಮ ಪ್ರಶ್ನೆ. ಮನೆಯಲ್ಲೇ ಇರುವ ರೆಮಿಂಗ್ಟನ್ನನ್ನು ಬಲಿ ಕೊಡುವುದು ಸುಲಭ. ಆ ಕಂಪನಿಯವರೇ 700ಅನ್ನು .458ರಲ್ಲಿ ಮಾರಿದ್ದೂ ಉಂಟು. ಆದರೆ ಅದರ ಬೋಲ್ಟು ತೋಟಾವನ್ನು ಬರೇ ತಳ್ಳಿಕೊಂಡು ಹೋಗುತ್ತದೆ, ನಳಿಗೆಯೊಳಕ್ಕೆ ಹೊಕ್ಕ ಮೇಲಷ್ಟೇ ಬುಡವನ್ನು ಹಿಡಿಯುತ್ತದೆ. ಮೌಸರ್ ಜಾತಿಯ ಬೋಲ್ಟಿಗೆ ಉದ್ದನೆಯ ಉಗುರಿದೆ. ತೋಟಾ ಮ್ಯಾಗಜಿನ್ನಿನಿಂದ ಎದ್ದ ಕ್ಷಣದಲ್ಲೇ ಬುಡ ಹಿಡಿದು, ಒಳಗೆ ಬಿಟ್ಟು, ತಿರುಗಿ ಹೊರಗೆ ಎಸೆಯುವ ತನಕ ಬಿಡುವುದಿಲ್ಲ. ಗಾಬರಿಯಲ್ಲಿ ಅರ್ಧ ತಳ್ಳಿ ಅರ್ಧ ಎಳೆಯುವವರಿಗೆ ಇದೇ ಸರಿ ಎಂದು ಆಫ್ರಿಕಾದ ವೃತ್ತಿ ಶಿಕಾರಿಗಳಲ್ಲಿ ಬಹಳ ಜನರ ನಂಬಿಕೆ. ನಿಮಗೆ ಗಾಬರಿಯಾಗುವುದಿಲ್ಲ ಎಂದು ನನಗೆ ಗೊತ್ತು. ನಮ್ಮ ತೋಟದ ಮನೆಯ ಬಚ್ಚಲಲ್ಲಿ ಕೇರೆಹಾವು ಕಂಡಾಗ ನೀವು ಹೊರಗೆ ಬಂದ ರೀತಿಯನ್ನು ಇಲ್ಲಿ ನೆನೆಯುವುದು ಬೇಡ.

ಹಾಗಾದರೆ ಹಳೇ ಮೌಸರ್ 98? ಅಗ್ಗಕ್ಕೆ ಸಿಕ್ಕೀತು. ಮಾಮೂಲಿ ಅಳತೆಯ ಮೌಸರಿನೊಳಗೆ .375ರಂಥ ಉದ್ದ ತೋಟಾ ಹಿಡಿಸಬೇಕಾದರೆ ಮುಂಭಾಗದ ಇಳಿಜಾರನ್ನು ಕಡಿಯಬೇಕು, ಮತ್ತು ಆ ಇಳಿಜಾರಿನ ಮರೆಯಲ್ಲೇ ಬೋಲ್ಟಿನ ಕೆಳಗಿನ ಹಲ್ಲು ಕೂರುವ ಜಾಗ ಇರುವುದು. ತೋಟಾದ ಒತ್ತಡವನ್ನೆಲ್ಲ ತಡೆಯುವ ಉಕ್ಕು ಅದು. ದೊಡ್ಡ ತೋಟಾಕ್ಕೆ ಜಾಗ ಮಾಡಲು ಅದನ್ನೇ ತೆಳ್ಳಗೆ ಮಾಡುವುದು ಎಂಥ ವಿವೇಕ ಎಂದು ಕೇಳಬೇಡಿ, ದಶಕಗಟ್ಟಲೆ ಮಾಡಿದ್ದಾರೆ, ಬಹಳಷ್ಟು ಬಾಳಿಕೆಯೂ ಬಂದಿವೆ. ಮೌಸರನ್ನು ಕೊರೆಯದೆ ಬರೇ ನಳಿಗೆ ಬದಲಿಸಿ ಮುಗಿಸಬಹುದಾದ ತೋಟಾವೊಂದನ್ನು ಬರ್ಲಿನ್ನಿನ ಓಟೊ ಬಾಕ್ ಎಂಬ ಕೋವಿ ತಯಾರಕ 1905ರಲ್ಲೇ ಮಾಡಿಟ್ಟಿದ್ದಾನೆ, 9.3×62. ಆಫ್ರಿಕಾದಲ್ಲಿ ಜಮೀನು ಮಾಡಿಕೊಂಡಿದ್ದ ಜರ್ಮನರು ಅದರಲ್ಲೇ ಆನೆ, ಎಮ್ಮೆ, ಸಿಂಹ ಎಲ್ಲವನ್ನೂ ಹೊಡೆದರು. ಬುಡ ನಿಮ್ಮ .30-06ರಷ್ಟೇ, ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಖರ್ಚು ಕಮ್ಮಿ, ಒದೆತ ಕಮ್ಮಿ, ತಲೆನೋವು ಕಮ್ಮಿ. ಆದ್ದರಿಂದ ನೀವು ಇದನ್ನು ಒಪ್ಪುವುದಿಲ್ಲ. ಗುಂಡು ಇಂಚಿನ ಲೆಕ್ಕದಲ್ಲಿ .366; .375ರ ಗೆರೆಗೆ ಕೂದಲೆಳೆಯಷ್ಟು ಕೆಳಗೆ. ಕೆಲವು ಕಡೆ ಬಿಡುತ್ತಾರೆ, ಕೆಲವು ಕಡೆ ಬಿಡುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಕೊರತೆ, ಹೆಸರಿನಲ್ಲಿ ಮ್ಯಾಗ್ನಮ್ ಎಂಬ ಪದವೇ ಇಲ್ಲ.

ನಿಮ್ಮ ಮನಸ್ಸು ನಿಂತಿರುವುದು ಎಲ್ಲಿ ಎಂದು ನೀವು ಕಳಿಸಿದ ಫೋಟೋದಲ್ಲೇ ಗೊತ್ತಾಯಿತು. ಗನ್ ಶೋನಲ್ಲಿ ಮಡಿಸುವ ಮೇಜಿನ ಮೇಲೆ ಮಲಗಿದ್ದ ಆ 1917ರ ಎನ್‌ಫೀಲ್ಡ್. ಹಿಂಬದಿಯ ಗುರಿಯ ಎರಡೂ ಬದಿಗೆ ದೊಡ್ಡ ಕಿವಿಗಳು, ಹಿಂದಕ್ಕೆ ಮುರಿದು ಮಡಚಿದಂಥ ಬೋಲ್ಟ್ ಹಿಡಿ, ಹೊಟ್ಟೆ ಸ್ವಲ್ಪ ಮುಂದೆ. ಫೋಟೋ ದೊಡ್ಡದು ಮಾಡಿ ನೋಡಿದೆ, ಬೋಲ್ಟ್ ಕೂರುವ ರಿಸೀವರಿನ ಮೇಲೆ ಎಡ್ಡಿಸ್ಟೋನ್ ಎಂಬ ಅಕ್ಷರ ಕಂಡಿತು. ಭಾವ, ತಮಾಷೆ ಪಕ್ಕಕ್ಕಿಡುತ್ತೇನೆ. ಆ ರೈಫಲಿನ ಚರಿತ್ರೆ ದೊಡ್ಡದು.

ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ರೈತರ ಕೈಯ ಮೌಸರ್‌ಗಳಿಂದ ಪೆಟ್ಟು ತಿಂದ ಬ್ರಿಟಿಷರು, ತಮಗೂ ಅಂಥದೇ ಬೇಕೆಂದು ದಪ್ಪನೆಯ .276 ತೋಟಾವೊಂದನ್ನು ನೆಚ್ಚಿ ಹೊಸ ರೈಫಲ್ ರೂಪಿಸಿದರು. 1913ರಲ್ಲಿ ಪರೀಕ್ಷೆಗೂ ಕೊಟ್ಟರು. ಅಷ್ಟರಲ್ಲಿ 1914 ಬಂತು. ಯುದ್ಧದ ನಡುವೆ ಹೊಸ ತೋಟಾ ಯಾರಿಗೆ ಬೇಕು? ಅದೇ ರೈಫಲನ್ನು ಹಳೇ .303ಕ್ಕೆ ತಿದ್ದಿ ಪ್ಯಾಟರ್ನ್ 14 ಎಂದು ಕರೆದು, ಅಮೆರಿಕದ ವಿಂಚೆಸ್ಟರ್, ರೆಮಿಂಗ್ಟನ್ ಮತ್ತು ಪೆನ್ಸಿಲ್ವೇನಿಯಾದ ಎಡ್ಡಿಸ್ಟೋನ್ ಕಾರ್ಖಾನೆಗಳಿಗೆ ಗುತ್ತಿಗೆ ಕೊಟ್ಟರು. ಎಡ್ಡಿಸ್ಟೋನಿನ ಕಾರ್ಖಾನೆ ಎದ್ದದ್ದು ಬಾಲ್ಡ್ವಿನ್ ರೈಲು ಇಂಜಿನ್ ಕಂಪನಿಯ ಜಾಗದಲ್ಲಿ. 1917ರಲ್ಲಿ ಅಮೆರಿಕವೇ ಯುದ್ಧಕ್ಕೆ ಇಳಿದಾಗ ಅವರ ಸ್ವಂತ ಸ್ಪ್ರಿಂಗ್‌ಫೀಲ್ಡ್ ರೈಫಲ್ ಸಾಕಾಗಲಿಲ್ಲ. ಕಣ್ಣೆದುರು ಓಡುತ್ತಿದ್ದ ಈ ಯಂತ್ರಗಳನ್ನೇ .30-06ಕ್ಕೆ ತಿರುಗಿಸಿದರು. ಇಪ್ಪತ್ತು ಲಕ್ಷಕ್ಕೂ ಮಿಕ್ಕಿ ರೈಫಲ್ ಹೊರಬಂದವು, ಅರ್ಧಕ್ಕೂ ಹೆಚ್ಚು ಎಡ್ಡಿಸ್ಟೋನಿನಿಂದಲೇ. ಫ್ರಾನ್ಸಿಗೆ ಹೋದ ಅಮೆರಿಕದ ಸೈನಿಕರಲ್ಲಿ ಹೆಚ್ಚಿನವರ ಕೈಯಲ್ಲಿದ್ದದ್ದು ಸ್ಪ್ರಿಂಗ್‌ಫೀಲ್ಡ್ ಅಲ್ಲ, ಇದು.

ಅಂದರೆ ನಿಮ್ಮ ಫೋಟೋದ ಮುದುಕ ಹುಟ್ಟುವ ಮೊದಲೇ ಎರಡು ಸಲ ಬೋರ್ ಬದಲಿಸಿಕೊಂಡವನು. ಮೂರನೆಯ ಸಲಕ್ಕೆ ಅಂಜುವವನಲ್ಲ. ದಪ್ಪ ತೋಟಾವನ್ನು ಮನಸ್ಸಿನಲ್ಲಿಟ್ಟು ಮಾಡಿದ್ದರಿಂದ ರಿಸೀವರ್ ಉದ್ದ, ಉಕ್ಕು ನಿಕ್ಕಲ್ ಬೆರೆತದ್ದು, ಉಗುರು ಮೌಸರಿನದು. ಯುದ್ಧ ಮುಗಿದ ಮೇಲೆ ಚಿಲ್ಲರೆ ಕಾಸಿಗೆ ಮಾರಾಟವಾದ ಇವನ್ನು ಅಮೆರಿಕದ ಗನ್‌ಸ್ಮಿತ್‌ಗಳು ಬಾಚಿಕೊಂಡು, ಕಿವಿ ಕತ್ತರಿಸಿ, ಹೊಟ್ಟೆ ನೆಟ್ಟಗೆ ಮಾಡಿ .375, .416, .458 ಎಂದು ಏನೇನೋ ಮಾಡಿದರು. ಎ-ಸ್ಕ್ವೇರ್ ಎಂಬ ಕಂಪನಿ ತನ್ನ ಆನೆ ರೈಫಲ್‌ಗಳನ್ನೇ ಇದರ ಮೇಲೆ ಕಟ್ಟಿ ಮಾರಿತು. ಗುಟ್ಟೊಂದು ಹೇಳುತ್ತೇನೆ: ನಿಜಕ್ಕೂ ಮಾಡಿಸುವುದಾದರೆ 1917 ಬಿಟ್ಟು ಅದರ ಅಣ್ಣ .303ರ ಪ್ಯಾಟರ್ನ್ 14 ಹುಡುಕಿ. .303 ತೋಟಾಕ್ಕೆ ಬುಡದಲ್ಲಿ ಅಂಚು ಇರುವುದರಿಂದ ಅದರ ಬೋಲ್ಟಿನ ಮುಖ ಮೊದಲೇ ಅಗಲ, ಮ್ಯಾಗ್ನಮ್ ತೋಟಾದ ಬುಡ ಬಹುತೇಕ ಹಾಗೇ ಕೂರುತ್ತದೆ.

ಎಡ್ಡಿಸ್ಟೋನಿಗೆ ಮಾತ್ರ ಒಂದು ಅಪಖ್ಯಾತಿ ಇದೆ. ಅಲ್ಲಿ ನಳಿಗೆಗಳನ್ನು ಅತಿ ಬಿಗಿಯಾಗಿ ತಿರುಪಿ ಕೂರಿಸುತ್ತಿದ್ದರು. ಈಗ ಅದನ್ನು ಬಿಚ್ಚಲು ದೊಡ್ಡ ವ್ರೆಂಚ್ ಹಾಕಿ ಜಗ್ಗಿದರೆ ಕೆಲವು ರಿಸೀವರ್‌ಗಳು ಕಣ್ಣಿಗೆ ಕಾಣದಂತೆ ಬಿರುಕು ಬಿಡುತ್ತವೆ. ಅನುಭವಸ್ಥರು ಮೊದಲು ನಳಿಗೆಯ ಬುಡಕ್ಕೆ ಲೇತಿನಲ್ಲಿ ಸುತ್ತ ಒಂದು ತೋಡು ಕೊರೆದು ಬಿಗಿ ಸಡಿಲಿಸಿ ಆಮೇಲೆ ತಿರುಗಿಸುತ್ತಾರೆ. ನಂತರ ಉಕ್ಕನ್ನು ಅಯಸ್ಕಾಂತಗೊಳಿಸಿ ಕಬ್ಬಿಣದ ಪುಡಿ ಬಿಟ್ಟು ಬಿರುಕಿದೆಯೇ ಎಂದು ನೋಡುತ್ತಾರೆ. ನಿಮ್ಮ ಊರಿನ ಅಂಗಡಿಯವನಿಗೆ ಈ ಎರಡು ಮಾತು ಹೇಳಿ ನೋಡಿ. ‘ಅದೆಲ್ಲ ಬೇಕಿಲ್ಲ ಸರ್’ ಎಂದರೆ ರೈಫಲ್ ಎತ್ತಿಕೊಂಡು ಮನೆಗೆ ಬನ್ನಿ.

ಇದರಲ್ಲಿ ಇನ್ನೊಂದು ಚೋದ್ಯವಿದೆ. ಒಂದು ಕಾಲದಲ್ಲಿ ಕಿವಿ ಕತ್ತರಿಸಿದರೆ ಬೆಲೆ ಏರುತ್ತಿತ್ತು. ಈಗ ಕಿವಿ ಇದ್ದದ್ದಕ್ಕೇ ಬೆಲೆ. ಯಾರೂ ಮುಟ್ಟದ 1917 ಇಂದು ಸಂಗ್ರಹಕಾರರ ವಸ್ತು. ನೀವು ಒಳ್ಳೇ ಬೆಲೆಗೆ ಕೊಂಡು, ಇನ್ನೂ ಒಳ್ಳೇ ದುಡ್ಡು ಸುರಿದು, ಕೊಂಡದ್ದಕ್ಕಿಂತ ಕಮ್ಮಿ ಬೆಲೆಯ ವಸ್ತುವನ್ನು ತಯಾರಿಸಲಿದ್ದೀರಿ. ಕಾಫಿ ಬೆಳೆಗಾರನಾದ ನನಗೆ ಈ ಅರ್ಥಶಾಸ್ತ್ರ ಚೆನ್ನಾಗಿ ಅರ್ಥವಾಗುತ್ತದೆ.

ಬುದ್ಧಿವಂತರ ದಾರಿ ಬಹಳ ಚಪ್ಪೆ. .300 ಅಥವಾ .338 ವಿಂಚೆಸ್ಟರ್ ಮ್ಯಾಗ್ನಮ್ ರೈಫಲೊಂದನ್ನು ಹಿಡಿದರೆ ಬೋಲ್ಟಿನ ಮುಖ 13.5 ಮಿ.ಮೀ.ಗೇ ಕೊರೆದಿರುತ್ತದೆ, ಉದ್ದವೂ .458 ವಿಂಚೆಸ್ಟರಿಗೆ ಸರಿಯಾಗಿರುತ್ತದೆ. ಒಂದೇ ಮನೆತನದ ತೋಟಾಗಳು ಅವು. ನಳಿಗೆ, ರೈಲಿನ ಉಜ್ಜಾಟ, ಗಟ್ಟಿಯಾದ ಮರ, ಅಲ್ಲಿಗೆ ಮುಗಿಯಿತು. ಇನ್ನೂ ಉದ್ದ ತೋಟಾ ಬೇಕೆಂದರೆ ಚೆಕ್ ದೇಶದ ಹಳೇ ಬ್ರನೊ 602 ಇಲ್ಲವೇ ಅದರ ಮಗ ಸಿಝೆಡ್ 550 ಮ್ಯಾಗ್ನಮ್, .375ರಲ್ಲಿ. ಒರಟು ಮೈ, ಉದ್ದ ಹೊಟ್ಟೆ, ದೊಡ್ಡ ಉಗುರು; .416 ರೆಮಿಂಗ್ಟನ್ ಅಥವಾ .458 ಲಾಟ್‌ಗೆ ಮಾಡಿಸಲು ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ‘.375 ಆಗಲೇ ಇದೆಯಲ್ಲ, ಕಾನೂನಿಗೆ ಅದೇ ಸಾಕಲ್ಲ, ಮತ್ತೆ ಮಾಡಿಸುವುದು ಯಾಕೆ?’ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ದಯವಿಟ್ಟು ಏಳಲು ಬಿಡಬೇಡಿ. ಆ ಒಂದು ಪ್ರಶ್ನೆಗೆ ಇಡೀ ಹವ್ಯಾಸವೇ ಕುಸಿದು ಬೀಳುತ್ತದೆ. 1912ರಲ್ಲಿ ಹುಟ್ಟಿದ ಆ .375ರಲ್ಲಿ ಇಷ್ಟು ವರ್ಷ ಎಷ್ಟು ಎಮ್ಮೆ ಬಿದ್ದಿವೆ ಎಂದು ಯಾರೂ ಲೆಕ್ಕ ಇಟ್ಟಿಲ್ಲದಿರುವುದು ಗನ್‌ಸ್ಮಿತ್‌ಗಳ ಪುಣ್ಯ.

ಬೋರ್ ಯಾವುದೆಂಬ ಮಾತಿಗೆ ಬಂದರೆ ನಮ್ಮ ದೇಶದ್ದೂ ಒಂದು ಪಾಲಿದೆ. ಬ್ರಿಟಿಷರ ಕಾಲದಲ್ಲಿ ಆನೆ, ಹುಲಿಗೆ .450 ಜೋಡುನಳಿಗೆ ರೈಫಲ್‌ಗಳೇ ರಾಜರು. ಸೈನ್ಯದ ಹಳೇ ಮಾರ್ಟಿನಿ-ಹೆನ್ರಿಗಳ ಬೋರೂ ಅದೇ. ಸಾಹೇಬರ ಶಿಕಾರಿ ಗುಂಡು ದಂಗೆಕೋರರ ಕೋವಿ ಸೇರೀತು ಎಂದು ಹೆದರಿದ ಸರ್ಕಾರ, 1907ರಲ್ಲಿ ಭಾರತಕ್ಕೂ ಸುಡಾನಿಗೂ .450 ತರುವುದನ್ನೇ ನಿಷೇಧಿಸಿತು. ಮಹಾರಾಜರನ್ನೂ ಅಧಿಕಾರಿಗಳನ್ನೂ ನಂಬಿ ಬದುಕಿದ್ದ ಲಂಡನ್ನಿನ ಕೋವಿ ತಯಾರಕರು ರಾತ್ರೋರಾತ್ರಿ .465, .470, .475, .476 ಎಂದು ಸ್ವಲ್ಪಸ್ವಲ್ಪ ದಪ್ಪ ಮಾಡಿ ಕಾನೂನಿನ ಪಕ್ಕದಲ್ಲೇ ನಡೆದುಹೋದರು. ಇವತ್ತು ಆಫ್ರಿಕಾದಲ್ಲಿ ಯಾವನಾದರೂ .470 ಡಬಲ್ ರೈಫಲ್ ಹೆಗಲಿಗೇರಿಸಿ ಮೀಸೆ ತಿರುವಿದರೆ, ಅವನ ಕೈಯಲ್ಲಿರುವುದು ನಮ್ಮ ಅಜ್ಜಂದಿರ ಮೇಲಿನ ಅನುಮಾನ. ಸಾಹೇಬರು ಹೋದರೂ ಅನುಮಾನ ಇಲ್ಲೇ ಉಳಿಯಿತು. ಸೈನ್ಯದ .303 ಇಲ್ಲಿ ಜನಸಾಮಾನ್ಯರಿಗೆ ನಿಷಿದ್ಧ, ಅದಕ್ಕೇ ಇಶಾಪುರದ ಕಾರ್ಖಾನೆ ನಮಗಾಗಿ .315 ಎಂಬ ಬೋರಿನ ರೈಫಲ್ ಮಾಡುತ್ತದೆ. ಬೋರ್ ಬದಲಿಸುವುದಿರಲಿ, ಲೈಸೆನ್ಸಿಲ್ಲದೆ ಕೋವಿಯ ದುರಸ್ತಿಯನ್ನೇ ವೃತ್ತಿ ಮಾಡಿಕೊಂಡರೂ 1959ರ ಶಸ್ತ್ರಾಸ್ತ್ರ ಕಾಯ್ದೆ ಬಿಡುವುದಿಲ್ಲ. ನೀವು ಟೆಕ್ಸಾಸಿನಲ್ಲಿ ಇರುವುದು ಕುಟುಂಬಕ್ಕೆ ಕ್ಷೇಮ.

.458ರ ಕಥೆ ಇದಕ್ಕಿಂತ ರೋಚಕ. ದುಬಾರಿ ಡಬಲ್ ರೈಫಲಿನ ಶಕ್ತಿಯನ್ನು ಸಾಧಾರಣ ಬೋಲ್ಟ್ ರೈಫಲಿನಲ್ಲಿ ತುಂಬಿ ಅಗ್ಗಕ್ಕೆ ಕೊಡುತ್ತೇವೆಂದು 1956ರಲ್ಲಿ ವಿಂಚೆಸ್ಟರ್ ಸಾರಿತು. ಮಾಮೂಲಿ ರೈಫಲಿಗೆ ಹಿಡಿಸಬೇಕಲ್ಲ, ಅದಕ್ಕೆ ತೋಟಾವನ್ನು ಮೋಟು ಮಾಡಿದರು. 32 ಗ್ರಾಂ ಗುಂಡಿನ ಕೆಳಗೆ ಮದ್ದಿಗೆ ಜಾಗ ಸಾಲದೆ ಅದುಮಿ ತುಂಬಿದರು. ಅದುಮಿದ ಮದ್ದು ವರ್ಷಗಳಲ್ಲಿ ಗಟ್ಟಿ ಕಟ್ಟಿಕೊಂಡು ಕೆಲವು ತೋಟಾಗಳು ಹೇಳಿದ ವೇಗ ಮುಟ್ಟಲಿಲ್ಲ. 1959ರಲ್ಲಿ ಮೊಝಾಂಬಿಕ್‌ನಲ್ಲಿ ಜಾಕ್ ಲಾಟ್ ಎಂಬ ಅಮೆರಿಕದ ಶಿಕಾರಿಯನ್ನು ಎಮ್ಮೆಯೊಂದು ಎತ್ತಿ ಒಗೆಯಿತು, ಅವನ ಕೈಯಲ್ಲಿದ್ದದ್ದು .458. ಮೂಳೆ ಕೂಡಿಕೊಂಡ ಮೇಲೆ ಅವನು ಅದೇ ತೋಟಾವನ್ನು ಉದ್ದ ಮಾಡಿ 1971ರಲ್ಲಿ .458 ಲಾಟ್ ಮಾಡಿದ. ಇವತ್ತು .458 ವಿಂಚೆಸ್ಟರ್ ರೈಫಲಿನ ನಳಿಗೆಯ ಬುಡಕ್ಕೆ ರೀಮರ್ ಇಳಿಸಿ ಒಂದಿಷ್ಟು ಆಳ ಮಾಡಿದರೆ, ಮ್ಯಾಗಜಿನ್ ಉದ್ದವಿದ್ದಲ್ಲಿ, ಅದು ಲಾಟ್ ಆಗುತ್ತದೆ. ಹಳೇ ಮೋಟು ತೋಟಾವೂ ಅದರಲ್ಲಿ ನಡೆಯುತ್ತದೆ. ಎಲ್ಲ ಪರಿವರ್ತನೆಗಳಲ್ಲಿ ನನಗೆ ಗೌರವ ಇರುವುದು ಇದೊಂದರ ಮೇಲೆ. ಎಮ್ಮೆಯೇ ಖುದ್ದಾಗಿ ಕೇಳಿ ಮಾಡಿಸಿಕೊಂಡದ್ದು ಇದು ಮಾತ್ರ.

ಹೆಗಲಿನ ವಿಷಯ ಹೇಳಿಲ್ಲ. ನಿಮ್ಮ .30-06ಗಿಂತ .458ರ ಒದೆತ ಸುಮಾರು ಮೂರು ಪಟ್ಟು. ಅದನ್ನು ತಡೆಯಲು ರೈಫಲಿನ ಮರಕ್ಕೆ ಅಡ್ಡಲಾಗಿ ಎರಡು ಉಕ್ಕಿನ ಬೋಲ್ಟ್ ಹಾಕುತ್ತಾರೆ, ನಳಿಗೆಯ ಕೆಳಗೆ ಇನ್ನೊಂದು ತಡೆ ಕೂರಿಸುತ್ತಾರೆ, ರಿಸೀವರಿನ ಬಾಲದ ಹಿಂದೆ ಕಾಗದದಷ್ಟು ಸಂದು ಬಿಡುತ್ತಾರೆ, ಇಲ್ಲದಿದ್ದರೆ ಮರ ಸೀಳುತ್ತದೆ. ವಾಲ್‌ನಟ್ ಮರಕ್ಕೆ ಇಷ್ಟೆಲ್ಲ ವ್ಯವಸ್ಥೆ. ಎರಡು ವರ್ಷದಿಂದ ಫಿಸಿಯೋಥೆರಪಿ ಮಾಡಿಸಿಕೊಳ್ಳುತ್ತಿರುವ ನಿಮ್ಮ ಬಲಹೆಗಲಿಗೆ ಏನು ವ್ಯವಸ್ಥೆ ಎಂದು ತಿಳಿಸಿಲ್ಲ. ಟೆಲಿಸ್ಕೋಪನ್ನು ಕಣ್ಣಿಗೆ ಹತ್ತಿರ ಕೂರಿಸಿಕೊಳ್ಳುವ ಅಭ್ಯಾಸವೂ ನಿಮಗಿದೆ, ಮೇಲೆ ಕನ್ನಡಕ ಬೇರೆ. ಒದೆತಕ್ಕೆ ಅದರ ಉಂಗುರ ಹುಬ್ಬಿನ ಮೇಲೆ ಅರ್ಧಚಂದ್ರ ಬರೆಯುತ್ತದೆ. ಆಫ್ರಿಕಾದಲ್ಲಿ ಸಾಹೇಬರು ಹೊಸಬರೋ ಹಳಬರೋ ಎಂದು ಸಾಮಾನು ಹೊರುವವರು ಆ ಗುರುತು ನೋಡಿಯೇ ಹೇಳುತ್ತಾರಂತೆ.

ಮೊದಲ ಗುಂಡನ್ನು ಮಾತ್ರ ನೀವು ಹಾರಿಸಬೇಡಿ. ಇಂಗ್ಲೆಂಡಿನಲ್ಲಿ ಬೋರ್ ಬದಲಿಸಿದ ಕೋವಿಯನ್ನು ಲಂಡನ್ ಅಥವಾ ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸಿಗೆ ಕಳಿಸಲೇಬೇಕು. ಅಲ್ಲಿ ಹೆಚ್ಚು ಒತ್ತಡದ ತೋಟಾ ಸುಟ್ಟು, ತಡೆದುಕೊಂಡರೆ ಮುದ್ರೆ ಒತ್ತುತ್ತಾರೆ. ನಿಮ್ಮ ಸ್ವತಂತ್ರ ದೇಶದಲ್ಲಿ ಅಂಥ ನಿರ್ಬಂಧವಿಲ್ಲ. ಹಳೇ ಕಾರಿನ ಟೈರಿಗೆ ರೈಫಲ್ ಕಟ್ಟಿ, ಟ್ರಿಗರಿಗೆ ಉದ್ದ ದಾರ ಹಾಕಿ, ದೂರದ ಗೋಡೆಯ ಮರೆಯಿಂದ ಎಳೆಯುವುದು ಅಲ್ಲಿನ ಪದ್ಧತಿ. ದಾರ ಎಳೆಯಲು ಗನ್‌ಸ್ಮಿತ್‌ಗೇ ಹೇಳಿ. ಎಳೆಯುವ ಮೊದಲು ಅವನ ಮುಖ ನೋಡಿ.

ನಿಮಗೆ ಈ ಹುಚ್ಚು ಹತ್ತಿದ್ದು ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕಥೆಗಳಿಂದ ಎಂದು ನನಗೆ ಗೊತ್ತು. ನಮ್ಮ ಮನೆಯ ಪ್ರತಿಯನ್ನು ಒಯ್ದವರು ಇನ್ನೂ ಹಿಂದಿರುಗಿಸಿಲ್ಲ. ಬೆಂಗಳೂರಿನ ಆ ಮಹಾನುಭಾವ ಹೊತ್ತು ತಿರುಗಿದ್ದು .405 ವಿಂಚೆಸ್ಟರ್, 1895ರ ಮಾದರಿ, ಅಂಗಡಿಯಲ್ಲಿ ಕಾಸು ಕೊಟ್ಟರೆ ಸಿಗುತ್ತಿದ್ದದ್ದು. ಅಮೆರಿಕದ ಅಧ್ಯಕ್ಷಗಿರಿ ಮುಗಿಸಿದ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಒಯ್ದದ್ದರಲ್ಲೂ ಅದಿತ್ತು. ಎಮ್ಮೆಗೆ ಅದು ಕಮ್ಮಿ ಎನ್ನುವವರಿದ್ದಾರೆ, ಇರಲಿ. ಆಂಡರ್ಸನ್ ಪುಸ್ತಕದಲ್ಲಿ ರೈಫಲಿನ ಬಗ್ಗೆ ಇರುವ ಸಾಲುಗಳನ್ನೂ, ಮಚಾನಿನ ಮೇಲೆ ಕೈಕಾಲು ಮರಗಟ್ಟಿ ಕೂತ ರಾತ್ರಿಗಳ ಸಾಲುಗಳನ್ನೂ ಬೇಕಾದರೆ ಎಣಿಸಿ ನೋಡಿ. ಪುಸ್ತಕ ನಿಮ್ಮ ಹತ್ತಿರವೇ ಇದೆ.

ಇಲ್ಲಿ ನಮ್ಮ ಕಡೆ ಕಾಟಿಗಳು ಹೆಚ್ಚಾಗಿವೆ. ಗೂಳಿ ಕಾಟಿ ಎಂದರೆ ನಿಮ್ಮ ಆಫ್ರಿಕಾದ ಎಮ್ಮೆಗಿಂತ ಒಂದು ಕೈ ದೊಡ್ಡದೇ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ, ಕೂದಲು ಕೊಂಕುವ ಹಾಗಿಲ್ಲ, ಕೊಂಕಿಸಬೇಕೆಂಬ ಆಸೆಯೂ ನನಗಿಲ್ಲ. ಸಂಜೆ ಪಂಪ್ ಆಫ್ ಮಾಡಲು ಹವಾಯಿ ಚಪ್ಪಲಿಯಲ್ಲಿ ಹೋದರೆ ಕಾಫಿ ಗಿಡದ ಮೇಲಿಂದ ಬೆನ್ನು ಕಾಣುತ್ತದೆ, ಆಮೇಲೆ ಮೊಣಕಾಲಿನ ಕೆಳಗಿನ ಬಿಳೀ ಕಾಲುಚೀಲ. ಅದು ಮೂಗಿನಿಂದ ಒಮ್ಮೆ ಪುಸ್ಸೆನ್ನುತ್ತದೆ. ನಾನು ಟಾರ್ಚ್ ಆರಿಸಿ, ಬಂದ ದಾರಿಯಲ್ಲೇ ಹಿಂದೆ ಹಿಂದೆ ನಡೆಯುತ್ತೇನೆ. ನೀವು ಸಾವಿರಾರು ಡಾಲರ್ ಕೊಟ್ಟು ಝಿಂಬಾಬ್ವೆಗೆ ಹೋಗಿ ಪಡೆಯಲಿರುವ ಅನುಭವ ಇಲ್ಲಿ ಪುಕ್ಕಟೆಯಾಗಿ ಸಿಗುತ್ತದೆ, ಪಂಪ್ ರಾತ್ರಿಯಿಡೀ ಓಡುತ್ತಿರುತ್ತದೆ ಅಷ್ಟೇ.

ಹಾಗಾಗಿ ನನ್ನ ಸಲಹೆ: ಎಡ್ಡಿಸ್ಟೋನಿನ ಮುದುಕನನ್ನು ಕಿವಿಗಳ ಸಮೇತ ಮೇಜಿನ ಮೇಲೆಯೇ ಬಿಡಿ. ಸೆಕೆಂಡ್‌ಹ್ಯಾಂಡ್ .375 ಒಂದನ್ನು ಕೊಂಡುಕೊಳ್ಳಿ. ನಳಿಗೆ, ಬೋಲ್ಟ್, ರೈಲು, ಮರ, ಗುರಿ, ಬ್ಲೂಯಿಂಗ್ ಎಂದು ಕೊಡಬೇಕಾಗಿದ್ದ ದುಡ್ಡಿನಲ್ಲಿ ತೋಟಾ ಕೊಂಡು, ಮೇಜಿಗೆ ಒರಗದೆ, ನಿಂತು ಸುಟ್ಟು ಅಭ್ಯಾಸ ಮಾಡಿ. ಕೇಳಿದವರಿಗೆಲ್ಲ ಮಾಡಿಸಿದ್ದು ಎಂದೇ ಹೇಳಿ, ಯಾರೂ ಬಿಚ್ಚಿ ನೋಡುವುದಿಲ್ಲ. ನೀವು ಇದನ್ನು ಕೇಳುವುದಿಲ್ಲ ಎಂದೂ ಗೊತ್ತು. ಕೇಳದಿದ್ದರೆ ಪ್ಯಾಟರ್ನ್ 14, .416, ಒಳ್ಳೇ ಗನ್‌ಸ್ಮಿತ್, ಒಂದು ವರ್ಷದ ತಾಳ್ಮೆ.

ಏನೇ ಮಾಡಿದರೂ ಈ ವಾರದೊಳಗೆ ಅಡ್ವಾನ್ಸ್ ಕೊಟ್ಟುಬಿಡಿ. ನಿನ್ನೆ ಅಕ್ಕ ಫೋನ್ ಮಾಡಿದ್ದಳು. ಎಮ್ಮೆಯ ಮಾತೇ ಎತ್ತಲಿಲ್ಲ. ಅಡುಗೆಮನೆಯ ಗೋಡೆ ಒಡೆಸಿ ದೊಡ್ಡದು ಮಾಡಿಸಬೇಕು, ಕಂಟ್ರಾಕ್ಟರ್ ಬಂದು ಅಳತೆ ತೆಗೆದುಕೊಂಡು ಹೋಗಿದ್ದಾನೆ ಎಂದಳು. ಅವನು ಹೇಳಿದ ಅಂದಾಜನ್ನೂ ಹೇಳಿದಳು. ನೀವು ರೈಫಲಿಗೆಂದು ಬೇರೆ ತೆಗೆದಿಟ್ಟಿರುವ ಮೊತ್ತ ಎಷ್ಟೆಂದು ನನಗೊಬ್ಬನಿಗೇ ಹೇಳಿದ್ದಿರಲ್ಲ, ಡಾಲರಿಗೆ ಡಾಲರ್ ಅಷ್ಟೇ ಇದೆ.

ಇಂತಿ ನಿಮ್ಮ ಹಿತೈಷಿ,
ಭಾವಮೈದುನ